ತನ್ನದೇ ಮಾತನ್ನು ಅಳಿಸಿದರೆ ತಪ್ಪೇನು? ಕೂಡಿ ಬರೆಯುವ ತಾಣಗಳ ಒಂದು ವಿವಾದದ ವಿವರಣೆ

ಬೇಲೂರಿನ ದೇವಾಲಯದ ಬಗ್ಗೆಯೋ ಹೇಮಾವತಿಯ ಹಿನ್ನೀರಿನ ಬಗ್ಗೆಯೋ ಕನ್ನಡ ವಿಕಿಪೀಡಿಯದಲ್ಲಿ ನಾಲ್ಕು ಸಾಲು ಸೇರಿಸಲು ಹೊರಟ ಹಾಸನದ ಅಧ್ಯಾಪಕರಿಗಾಗಲಿ, ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿಗಾಗಲಿ ಲೇಖನ ಬರೆಯುವ ಕ್ರಮ ಬೇಗ ಕೈಹಿಡಿಯುತ್ತದೆ. ಅದಕ್ಕೆ ಸಹಾಯಪುಟಗಳಿವೆ, ಹೇಳಿಕೊಡುವವರಿದ್ದಾರೆ. ತಡವಾಗಿ ತಿಳಿಯುವುದು ಲೇಖನದ ಹಿಂದೆ ನಡೆಯುವ ಚರ್ಚೆಯ ರೀತಿನೀತಿ. ಆವೇಶದಲ್ಲಿ ಒಂದು ಮಾತು ಬರೆದು, ಮರುದಿನ ಅದು ತಪ್ಪೆಂದು ಕಂಡು, ತನ್ನದೇ ಮಾತಲ್ಲವೇ ಎಂದು ಅದನ್ನು ಅಳಿಸಿದವರಿಗೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಬ್ಬರಿಂದ ಆಕ್ಷೇಪ ಬರುತ್ತದೆ: ಚರ್ಚೆಯನ್ನು ಅಳಿಸಬೇಡಿ. ಅಳಿಸಿದವರಿಗೆ ಇದು ಅರ್ಥವಾಗುವುದಿಲ್ಲ. ನನ್ನ ಮಾತನ್ನು ನಾನು ಹಿಂದಕ್ಕೆ ಪಡೆದರೆ ಮಿಕ್ಕವರಿಗೆ ಏನು ನಷ್ಟ ಎಂದು ಅವರು ಕೇಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದು. ಆಕ್ಷೇಪಕ್ಕೂ ಆಧಾರವಿದೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ನಡೆದುಕೊಂಡಿದ್ದರೂ ಮಾತಿಗೆ ಮಾತು ಬೆಳೆದು, ಹೊಸಬರು ಬೇಸತ್ತು ಬರೆಯುವುದನ್ನೇ ಬಿಟ್ಟರೆ ನಷ್ಟವಾಗುವುದು ಕನ್ನಡಕ್ಕೆ. ಆದ್ದರಿಂದ ಈ ಜಗಳದ ಒಳಗೆ ಏನಿದೆ ಎಂಬುದನ್ನು ಬುಡದಿಂದ ನೋಡುವುದು ಅಗತ್ಯ.

ಚರ್ಚಾಪುಟ ಮತ್ತು ಅದರ ಇತಿಹಾಸ

ವಿಕಿಪೀಡಿಯ 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಆರಂಭವಾಯಿತು. ಕನ್ನಡದ ಆವೃತ್ತಿ 2003ರಲ್ಲಿ ಬಂತು. ಅಲ್ಲಿನ ಪ್ರತಿಯೊಂದು ಲೇಖನಕ್ಕೂ ಬೆನ್ನಿಗೆ ಒಂದು ಚರ್ಚಾಪುಟ ಇರುತ್ತದೆ. ಲೇಖನದಲ್ಲಿ ಏನಿರಬೇಕು, ಯಾವ ಆಧಾರ ಗಟ್ಟಿಯಾದದ್ದು, ಯಾವ ವಾಕ್ಯವನ್ನು ತೆಗೆಯಬೇಕು ಎಂಬ ಮಾತುಕತೆ ಅಲ್ಲಿ ನಡೆಯುತ್ತದೆ. ಬರೆದವರು ಕೊನೆಯಲ್ಲಿ ಸಹಿ ಹಾಕಬೇಕು. ಆಗ ಹೆಸರೂ ವೇಳೆಯೂ ತಾವಾಗಿ ಮೂಡುತ್ತವೆ. ಯಾವುದೇ ಒಂದು ಲೇಖನಕ್ಕೆ ಸೇರದ, ಇಡೀ ಸಮುದಾಯಕ್ಕೆ ಸಂಬಂಧಿಸಿದ ವಿಷಯಗಳಿಗೆ ಕನ್ನಡ ವಿಕಿಪೀಡಿಯದಲ್ಲಿ ಅರಳಿ ಕಟ್ಟೆ ಎಂಬ ಪುಟವಿದೆ.

ಇಲ್ಲಿ ಗಮನಿಸಬೇಕಾದ ಒಂದು ತಾಂತ್ರಿಕ ಸಂಗತಿ ಇದೆ. ವಿಕಿಯಲ್ಲಿ ಅಳಿಸುವುದು ಎಂದರೆ ಆ ಮಾತಿಲ್ಲದ ಹೊಸದೊಂದು ಆವೃತ್ತಿಯನ್ನು ಉಳಿಸುವುದು, ಅಷ್ಟೇ. ಹಳೆಯ ಆವೃತ್ತಿ ಪುಟದ ಇತಿಹಾಸದಲ್ಲಿ ಹಾಗೆಯೇ ಇರುತ್ತದೆ. ಯಾರು, ಯಾವಾಗ, ಏನನ್ನು ತೆಗೆದರು ಎಂಬುದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅಳಿಸಿದವರು ತಮ್ಮ ಮಾತು ಇಲ್ಲವಾಯಿತೆಂದು ನಂಬಿ ನೆಮ್ಮದಿಯಿಂದಿರುತ್ತಾರೆ, ಆದರೆ ಅದು ಇಲ್ಲವಾಗಿರುವುದಿಲ್ಲ. ಇತಿಹಾಸವನ್ನು ತೆರೆದು ನೋಡಿದವರು ಇವರು ಏನನ್ನೋ ಮುಚ್ಚಿಡುತ್ತಿದ್ದಾರೆಂದು ಶಂಕಿಸುತ್ತಾರೆ, ಆದರೆ ಅಲ್ಲಿ ಮುಚ್ಚಿಡುವ ಉದ್ದೇಶವೇ ಇರಲಿಕ್ಕಿಲ್ಲ. ವಿವಾದದ ಅರ್ಧ ಭಾಗ ಈ ಎರಡು ತಪ್ಪು ತಿಳಿವಳಿಕೆಗಳಿಂದ ಹುಟ್ಟಿದ್ದು.

ಎಲ್ಲವೂ ಇತಿಹಾಸದಲ್ಲಿ ಉಳಿಯುವುದಾದರೆ ಆಕ್ಷೇಪಣೆ ಏಕೆ ಎಂದು ಕೇಳಬಹುದು. ಓದುವವರು ಇತಿಹಾಸವನ್ನು ತೆರೆಯುವುದಿಲ್ಲ, ಪುಟವನ್ನು ಓದುತ್ತಾರೆ. ಮೂರು ವರ್ಷಗಳ ನಂತರ ಅದೇ ಸಂದೇಹವನ್ನು ಹೊತ್ತು ಬಂದವರಿಗೆ ಬೇಕಾಗಿರುವುದು ಕಣ್ಣೆದುರಿನ ಚರ್ಚೆ. ನೂರಾರು ಆವೃತ್ತಿಗಳ ನಡುವೆ ಕಳೆದುಹೋದ ಒಂದು ಸಾಲನ್ನು ಅವರು ಹುಡುಕಲಾರರು.

ಉತ್ತರ ಬಂದ ಮೇಲೆ ಆಗುವುದು

ಒಂದು ಕಲ್ಪಿತ ಉದಾಹರಣೆಯನ್ನು ನಮ್ಮ ಜಿಲ್ಲೆಯಿಂದಲೇ ತೆಗೆದುಕೊಳ್ಳೋಣ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಅದರ ಕಾಲ ಕ್ರಿ.ಶ. 450ರ ಸುಮಾರು ಎಂದು ಶಾಲೆಯ ಮಕ್ಕಳೂ ಓದಿದ್ದಾರೆ. ಆ ಲೇಖನದ ಚರ್ಚಾಪುಟದಲ್ಲಿ ಹಾಸನದ ಅಧ್ಯಾಪಕರೊಬ್ಬರು ಹೀಗೆ ಬರೆಯುತ್ತಾರೆ ಎಂದಿಟ್ಟುಕೊಳ್ಳಿ: "ಕನ್ನಡದ ಮೊದಲ ಶಾಸನ ಹಲ್ಮಿಡಿಯದೇ. 450 ಎಂಬುದು ಖಚಿತ. ಇದರಲ್ಲಿ ಬೇರೆ ಮಾತೇ ಇಲ್ಲ."

ಚಿಕ್ಕಮಗಳೂರಿನ ವಿದ್ಯಾರ್ಥಿನಿಯೊಬ್ಬಳು ಅದಕ್ಕೆ ಉತ್ತರಿಸುತ್ತಾಳೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರ ಸುಮಾರಿನದೆಂದು ಪುರಾತತ್ತ್ವಜ್ಞರು ಹೇಳಿದ್ದಾರೆ, ಹಾಗಾಗಿ ಬೇರೆ ಮಾತಿಲ್ಲ ಎನ್ನಲಾಗದು ಸಾರ್, ಎಂಬುದು ಅವಳ ವಾದ. ಬೇಲೂರಿನ ಇನ್ನೊಬ್ಬರು ಬಂದು, ಹಲ್ಮಿಡಿ ಶಾಸನದಲ್ಲಿ ಇಸವಿಯನ್ನೇ ನಮೂದಿಸಿಲ್ಲ, ಲಿಪಿಯ ರೂಪ, ಭಾಷೆ ಮತ್ತು ಒಳಗಿನ ಹೆಸರುಗಳಿಂದ ಕಾಲವನ್ನು ಊಹಿಸಲಾಗಿದೆ, ಆದ್ದರಿಂದ "ಖಚಿತ" ಎಂಬ ಶಬ್ದ ಸಲ್ಲದು ಎಂದು ವಿವರವಾಗಿ ಬರೆಯುತ್ತಾರೆ.

ಅಧ್ಯಾಪಕರಿಗೆ ಮನವರಿಕೆಯಾಗುತ್ತದೆ. ಸಂಕೋಚವೂ ಆಗುತ್ತದೆ. ಅವರು ತಮ್ಮ ಮೂರು ಸಾಲನ್ನು ಅಳಿಸಿಬಿಡುತ್ತಾರೆ.

ಈಗ ಪುಟದಲ್ಲಿ ಉಳಿದದ್ದನ್ನು ಹೊಸಬರ ಕಣ್ಣಿನಿಂದ ಓದಬೇಕು. ವಿದ್ಯಾರ್ಥಿನಿಯ "ಬೇರೆ ಮಾತಿಲ್ಲ ಎನ್ನಲಾಗದು ಸಾರ್" ಎಂಬ ಮಾತು ಯಾರಿಗೆ, ಏತಕ್ಕೆ ಹೇಳಿದ್ದೆಂದು ತಿಳಿಯುವುದಿಲ್ಲ. ಯಾರೂ ಹೇಳದ ಮಾತಿಗೆ ಅವಳು ಜಗಳಕ್ಕೆ ನಿಂತ ಹಾಗೆ ಕಾಣುತ್ತದೆ. ಬೇಲೂರಿನವರು ಇಲ್ಲದ ಶಬ್ದವೊಂದನ್ನು ಖಂಡಿಸಿದಂತೆ ತೋರುತ್ತದೆ. ಇಬ್ಬರೂ ಸಮಯ ವ್ಯಯಿಸಿ, ಆಧಾರ ಹುಡುಕಿ, ಗೌರವದಿಂದಲೇ ಬರೆದಿದ್ದರು. ಅವರ ಒಂದಕ್ಷರವನ್ನೂ ಅಧ್ಯಾಪಕರು ಮುಟ್ಟಲಿಲ್ಲ, ಆದರೂ ಅವರ ಮಾತಿನ ಅರ್ಥ ಬದಲಾಯಿತು. ಅಧ್ಯಾಪಕರ ಬಗ್ಗೆ ನನಗೆ ಸಹಾನುಭೂತಿ ಇದೆ. ಆದರೆ ಆಕ್ಷೇಪದ ತಿರುಳು ಇದೇ. ಉತ್ತರ ಬಂದ ಮಾತು ಬರೆದವರ ಸ್ವತ್ತಾಗಿಯೇ ಇರಬಹುದು, ಆದರೆ ಅದರ ಮೇಲೆ ಬೇರೆಯವರು ಕಟ್ಟಿದ ಮಾತುಗಳೂ ನಿಂತಿವೆ.

ಇದರಿಂದಲೇ ಇಂಗ್ಲಿಷ್ ವಿಕಿಪೀಡಿಯದ ಚರ್ಚಾಪುಟ ಮಾರ್ಗಸೂಚಿ ಕಾಲವನ್ನೂ ಉತ್ತರವನ್ನೂ ಅಳತೆಗೋಲಾಗಿ ಇಟ್ಟುಕೊಂಡಿದೆ. ಬರೆದ ಸ್ವಲ್ಪ ಹೊತ್ತಿನಲ್ಲೇ, ಯಾರೂ ಉತ್ತರಿಸುವ ಮೊದಲು, ತನ್ನ ಮಾತನ್ನು ತಿದ್ದಿದರೂ ತೆಗೆದರೂ ಯಾರ ತಕರಾರೂ ಇಲ್ಲ. ಯಾರಾದರೂ ಉತ್ತರಿಸಿದ್ದರೆ ಅಥವಾ ಅದನ್ನು ಉಲ್ಲೇಖಿಸಿದ್ದರೆ, ಸದ್ದಿಲ್ಲದೆ ತೆಗೆಯಬಾರದು. ಸಣ್ಣ ಭಾಷಾ ಸಮುದಾಯಗಳು ಹಲವು ವಿಷಯಗಳಲ್ಲಿ ಈ ನಡವಳಿಕೆಯನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತವೆ.

ಗೆರೆ ಎಳೆದು ಉಳಿಸುವುದು

ಹಾಗಾದರೆ ತಪ್ಪು ಮಾತನ್ನು ಹೊತ್ತುಕೊಂಡೇ ಇರಬೇಕೇ? ಇಲ್ಲ. ನಮ್ಮ ಊರುಗಳ ಹಾಲು ಉತ್ಪಾದಕರ ಸಂಘದಲ್ಲೋ ಕೃಷಿ ಪತ್ತಿನ ಸಂಘದಲ್ಲೋ ನಡಾವಳಿ ಪುಸ್ತಕ ಬರೆದವರಿಗೆ ಇದರ ಪರಿಹಾರ ಗೊತ್ತಿದೆ. ನಡಾವಳಿಯಲ್ಲಿ ತಪ್ಪು ಬಿದ್ದರೆ ಹಾಳೆಯನ್ನು ಹರಿಯುವುದಿಲ್ಲ, ಬಿಳಿ ಬಣ್ಣ ಬಳಿಯುವುದಿಲ್ಲ. ಓದಲು ಬರುವಂತೆಯೇ ಒಂದು ಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕುತ್ತಾರೆ. ವಿಕಿಯ ಚರ್ಚಾಪುಟದಲ್ಲೂ ಕ್ರಮ ಇದೇ: ಹಿಂದೆಗೆದ ಮಾತಿನ ಮೇಲೆ ಅಡ್ಡಗೆರೆ ಮೂಡಿಸುವ ಸಣ್ಣ ಗುರುತು ಇದೆ, ಹೊಸದಾಗಿ ಸೇರಿಸಿದ್ದಕ್ಕೆ ಅಡಿಗೆರೆ ಮೂಡಿಸುವ ಗುರುತೂ ಇದೆ, ಬದಲಿಸಿದ ವೇಳೆಯನ್ನು ಪಕ್ಕದಲ್ಲೇ ನಮೂದಿಸಬಹುದು.

ಉದಾಹರಣೆಯ ಅಧ್ಯಾಪಕರು ತಮ್ಮ ಮೂರು ಸಾಲಿಗೆ ಗೆರೆ ಎಳೆದು, ಕೆಳಗೆ "ತಾಳಗುಂದದ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ, ಮಾತನ್ನು ಹಿಂದಕ್ಕೆ ಪಡೆದಿದ್ದೇನೆ" ಎಂದು ಬರೆದು ಸಹಿ ಹಾಕಿದ್ದರೆ, ವಿದ್ಯಾರ್ಥಿನಿಯ ಉತ್ತರ ತನ್ನ ಅರ್ಥವನ್ನು ಉಳಿಸಿಕೊಳ್ಳುತ್ತಿತ್ತು. ಜೊತೆಗೆ, ಹಿರಿಯರೊಬ್ಬರು ಆಧಾರ ಕಂಡು ಅಭಿಪ್ರಾಯ ಬದಲಿಸಿದ ದಾಖಲೆ ಅಲ್ಲಿ ಉಳಿಯುತ್ತಿತ್ತು. ಇದು ಅವಮಾನವಲ್ಲ, ಚರ್ಚೆಯ ಫಲ. ಮಾತು ಒರಟಾಗಿದ್ದು, ಅದು ಕಣ್ಣಿಗೆ ಬೀಳುವುದೇ ಬೇಡ ಎನಿಸಿದರೆ ಇನ್ನೊಂದು ದಾರಿಯಿದೆ: ಮಾತನ್ನು ತೆಗೆದು, ಆ ಜಾಗದಲ್ಲಿ "ಇಲ್ಲಿದ್ದ ನನ್ನ ಮಾತನ್ನು ನಾನೇ ತೆಗೆದಿದ್ದೇನೆ" ಎಂಬ ಸಾಲನ್ನು ಬಿಡುವುದು. ಇಲ್ಲಿ ಏನೋ ಇತ್ತು ಎಂಬುದಾದರೂ ಆಗ ತಿಳಿಯುತ್ತದೆ.

ಒಂದು ವಿನಾಯಿತಿಯನ್ನೂ ಹೇಳಬೇಕು. ಪ್ರತಿ ಸದಸ್ಯರಿಗೂ ಅವರ ಹೆಸರಿನದೇ ಚರ್ಚಾಪುಟ ಇರುತ್ತದೆ. ಇತರರು ಅಲ್ಲಿ ಬಂದು ಸಂದೇಶ ಬಿಡುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಆ ಪುಟದಿಂದ ಸಂದೇಶಗಳನ್ನು ತೆಗೆಯುವ ಸ್ವಾತಂತ್ರ್ಯ ಬಹುಮಟ್ಟಿಗೆ ಆ ಸದಸ್ಯರಿಗಿದೆ, ತೆಗೆದರೆ ಓದಿದ್ದಾರೆ ಎಂದು ಅರ್ಥ. ಹಳೆಯ ಸಂದೇಶಗಳನ್ನು ಬೇರೆ ಕಡತಪುಟಕ್ಕೆ ಸಾಗಿಸುವುದು ಇನ್ನೂ ಮೆಚ್ಚುಗೆಯ ಕ್ರಮ.

ಒಂದೆಡೆಯ ಸೌಜನ್ಯ ಇನ್ನೊಂದೆಡೆ ತಪ್ಪಾಗುವುದು

ಹೊಸಬರು ಎಡವುವುದಕ್ಕೆ ದೊಡ್ಡ ಕಾರಣ ಅವರ ಅಸಡ್ಡೆಯಲ್ಲ. ಅವರು ಬೇರೆ ತಾಣದಲ್ಲಿ ಕಲಿತ ಒಳ್ಳೆಯ ನಡತೆಯನ್ನೇ ಇಲ್ಲಿಗೆ ತಂದಿರುತ್ತಾರೆ. ಹಾಸನದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸ್ಟ್ಯಾಕ್ ಓವರ್‌ಫ್ಲೋ ಪರಿಚಯವಿರುತ್ತದೆ. ಪ್ರೋಗ್ರಾಮಿಂಗ್ ಸಂದೇಹಗಳಿಗೆ ಉತ್ತರ ಸಿಗುವ, 2008ರಲ್ಲಿ ಆರಂಭವಾದ ತಾಣ ಅದು. ಅಲ್ಲಿ ಉತ್ತರದ ಕೆಳಗೆ ಬರೆಯುವ ಸಣ್ಣ ಟಿಪ್ಪಣಿಗಳು ತಾತ್ಕಾಲಿಕ ಎಂಬುದು ತಾಣದ ಘೋಷಿತ ನಿಲುವು. "ನಾಲ್ಕನೇ ಸಾಲಿನಲ್ಲಿ ತಪ್ಪಿದೆ" ಎಂದು ನೀವು ಟಿಪ್ಪಣಿ ಬರೆದಿರಿ, ಉತ್ತರಿಸಿದವರು ಅದನ್ನು ಸರಿಪಡಿಸಿದರು ಎಂದರೆ, ಕೆಲಸ ಮುಗಿದ ಆ ಟಿಪ್ಪಣಿಯನ್ನು ನೀವೇ ಅಳಿಸುವುದು ಅಲ್ಲಿ ಸೌಜನ್ಯ. ಅದೇ ಅಭ್ಯಾಸವನ್ನು ಆ ವಿದ್ಯಾರ್ಥಿ ವಿಕಿಯ ಚರ್ಚಾಪುಟಕ್ಕೆ ತಂದರೆ ಅದು ಅಪಚಾರವಾಗುತ್ತದೆ.

ಆದರೆ ಅದೇ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆ ಮತ್ತು ಉತ್ತರಗಳ ನಿಯಮ ಬೇರೆ. ಕೇಳಿದವರು ಒಪ್ಪಿ ಗುರುತು ಹಾಕಿದ ಉತ್ತರವನ್ನು ಬರೆದವರೇ ಅಳಿಸಲು ವ್ಯವಸ್ಥೆ ಬಿಡುವುದಿಲ್ಲ, ಮೆಚ್ಚುಗೆಯ ಮತ ಪಡೆದ ಉತ್ತರವಿರುವ ಪ್ರಶ್ನೆಯನ್ನು ಕೇಳಿದವರು ಅಳಿಸಲಾಗದು. ತಾತ್ಕಾಲಿಕ ಮಾತು ಯಾವುದು, ಇತರರು ನೆಚ್ಚಿಕೊಂಡ ಮಾತು ಯಾವುದು ಎಂಬ ವ್ಯತ್ಯಾಸವನ್ನು ಅಲ್ಲಿ ಯಂತ್ರವೇ ಕಾಯುತ್ತದೆ.

ತಂತ್ರಾಂಶಗಳನ್ನು ಕೂಡಿ ರೂಪಿಸುವ ಗಿಟ್‌ಹಬ್‌ನಲ್ಲಿ ತಿದ್ದಿದ ಮಾತಿನ ಹಿಂದಿನ ರೂಪವನ್ನು ತೆರೆದು ನೋಡಬಹುದು, ಅಳಿಸಿದರೆ ಒಂದು ಟಿಪ್ಪಣಿಯನ್ನು ಅಳಿಸಲಾಗಿದೆ ಎಂಬ ಸಾಲು ಉಳಿಯಬಹುದು. ವಿಷಯವಾರು ಗುಂಪುಗಳಲ್ಲಿ ಚರ್ಚೆ ನಡೆಯುವ ರೆಡಿಟ್ ತಾಣದಲ್ಲಿ ಮಾತೂ ಹೆಸರೂ ಹೋಗಿ, ಅಳಿಸಲಾಗಿದೆ ಎಂಬ ಗುರುತು ಮಾತ್ರ ನಿಂತು, ಕೆಳಗಿನ ಉತ್ತರಗಳು ಹಾಗೆಯೇ ಇರುತ್ತವೆ.

ಪ್ರತಿಭಟನೆಗಾಗಿ ಅಳಿಸಿದಾಗ

ಈ ವಿಷಯ ತಾಣಗಳ ಒಳಮಾತಾಗಿ ಉಳಿಯದೆ ಸುದ್ದಿಯಾದದ್ದು ಎರಡು ಪ್ರಸಂಗಗಳಿಂದ. 2023ರಲ್ಲಿ ರೆಡಿಟ್ ಸಂಸ್ಥೆಯು ಹೊರಗಿನ ಆ್ಯಪ್‌ಗಳು ತನ್ನ ದತ್ತಾಂಶವನ್ನು ಬಳಸಲು ದುಬಾರಿ ಶುಲ್ಕ ವಿಧಿಸಿದಾಗ, ಜೂನ್‌ನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಹಲವು ಸದಸ್ಯರು ತಾವು ವರ್ಷಗಟ್ಟಲೆ ಬರೆದಿದ್ದನ್ನು ಅಳಿಸಿದರು, ಇಲ್ಲವೇ ಅರ್ಥವಿಲ್ಲದ ಅಕ್ಷರಗಳಿಂದ ತುಂಬಿದರು. 2024ರ ಮೇ ತಿಂಗಳಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಸಂಸ್ಥೆಯು ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಕಂಪನಿಯ ಜೊತೆ ಒಪ್ಪಂದ ಪ್ರಕಟಿಸಿದಾಗ, ತಮ್ಮ ಉತ್ತರಗಳು ಕೃತಕ ಬುದ್ಧಿಮತ್ತೆಯ ತರಬೇತಿಗೆ ಹೋಗುವುದನ್ನು ಒಪ್ಪದ ಕೆಲವರು ಅವನ್ನು ತೆಗೆಯಲು ಹೊರಟರು. ಉತ್ತರಗಳನ್ನು ಮೊದಲಿನಂತೆ ಮಾಡಲಾಯಿತು, ಕೆಲವರ ಖಾತೆಗಳನ್ನು ಸ್ವಲ್ಪ ಕಾಲ ತಡೆಹಿಡಿಯಲಾಯಿತು.

ಇಲ್ಲಿ ಕಾನೂನು ಮತ್ತು ನ್ಯಾಯದ ಭಾವನೆ ಒಂದೇ ದಿಕ್ಕಿಗೆ ನಡೆಯುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋದಲ್ಲೂ ವಿಕಿಪೀಡಿಯದಲ್ಲೂ ಬರೆಯುವವರು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯನ್ನು ಒಪ್ಪಿಯೇ ಬರೆದಿರುತ್ತಾರೆ. ಮೂಲ ಬರಹಗಾರರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದೆಂಬ ಒಪ್ಪಿಗೆ ಅದು, ಮತ್ತು ಅದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹಕ್ಕುಸ್ವಾಮ್ಯ ಬರೆದವರದೇ, ಆದರೆ ಕೊಟ್ಟ ಅನುಮತಿ ಶಾಶ್ವತ. ಪ್ರತಿಭಟಿಸಿದವರ ನೋವು ಸುಳ್ಳಲ್ಲ: ಸಹಜೀವಿಗಳಿಗೆ ನೆರವಾಗಲೆಂದು ಪುಕ್ಕಟೆಯಾಗಿ ಕೊಟ್ಟದ್ದನ್ನು ವ್ಯಾಪಾರದ ಸರಕಾಗಿಸಿದರು ಎಂಬ ಬೇಸರ ಅದು. ಆದರೂ ಒಂದು ಉತ್ತರ ಹೋದರೆ ಪೆಟ್ಟು ತಗಲುವುದು ಕಂಪನಿಗಿಂತ ಹೆಚ್ಚಾಗಿ, ಅರ್ಧರಾತ್ರಿಯಲ್ಲಿ ಆ ಉತ್ತರ ಹುಡುಕುತ್ತ ಬರುವ ಯಾವುದೋ ಊರಿನ ವಿದ್ಯಾರ್ಥಿಗೆ ಎಂಬುದನ್ನು ನಾನು ಬದಿಗಿಡಲಾರೆ.

ಆನೆಯ ಸುದ್ದಿ: ಅಳಿಸುವುದಕ್ಕಿಂತ ತಿದ್ದುವುದು ಮುಖ್ಯವಾದಾಗ

ವಿಕಿಪೀಡಿಯವನ್ನು ಎಂದೂ ತೆರೆಯದವರಿಗೂ ಈ ಪ್ರಶ್ನೆ ಎದುರಾಗುವ ಜಾಗವೊಂದು ನಮ್ಮಲ್ಲಿದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಆನೆ ದಾಳಿಯಿಂದ ಜೀವಗಳು ಹೋಗಿವೆ. ಆನೆಗಳು ಯಾವ ತೋಟದಲ್ಲಿವೆ, ಯಾವ ರಸ್ತೆ ದಾಟುತ್ತಿವೆ ಎಂಬುದನ್ನು ಬೆಳೆಗಾರರೂ ಕಾರ್ಮಿಕರೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪರಸ್ಪರ ತಿಳಿಸಿಕೊಳ್ಳುತ್ತಾರೆ. ಎಲ್ಲರೂ ಸೇರಿ ಕಟ್ಟುವ ತಿಳಿವಳಿಕೆ ಎಂಬ ಅರ್ಥದಲ್ಲಿ ಅದೂ ಸಹಯೋಗದ ತಾಣವೇ.

ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಸೌಲಭ್ಯ 2017ರಲ್ಲಿ ಬಂತು. ಮೊದಲು ಅದಕ್ಕೆ ಏಳು ನಿಮಿಷಗಳ ಮಿತಿ ಇತ್ತು, 2022ರಲ್ಲಿ ಎರಡು ದಿನಗಳಿಗಿಂತ ತುಸು ಹೆಚ್ಚಿನ ಅವಧಿಗೆ ಅದನ್ನು ವಿಸ್ತರಿಸಲಾಯಿತು. ಸಂದೇಶವನ್ನು ತಿದ್ದುವ ಸೌಲಭ್ಯ 2023ರ ಮೇ ತಿಂಗಳಲ್ಲಿ ಬಂದಿದ್ದು, ಅದಕ್ಕೆ ಹದಿನೈದು ನಿಮಿಷಗಳ ಅವಕಾಶವಿದೆ.

ಒಬ್ಬರು ಬೆಳಿಗ್ಗೆ ಆರು ಗಂಟೆಗೆ, ಆನೆಗಳು ಹೊಳೆಯ ಆಚೆ ದಡಕ್ಕೆ ಹೋದವು ಎಂದು ಬರೆದು, ಏಳು ಗಂಟೆಗೆ ಅದು ತಪ್ಪೆಂದು ತಿಳಿದು ಸಂದೇಶವನ್ನು ಅಳಿಸಿದರು ಎನ್ನೋಣ. ಆರೂಕಾಲಿಗೆ ಅದನ್ನು ಓದಿ, ಇನ್ನು ಭಯವಿಲ್ಲವೆಂದು ಕೆಲಸಕ್ಕೆ ಹೊರಟವರಿಗೆ ಅಳಿಸಿದ್ದು ಗೊತ್ತಾಗುವುದು ಹೇಗೆ? ಅವರು ಮತ್ತೆ ಗುಂಪನ್ನು ತೆರೆದರೂ ಕಾಣುವುದು ಯಾವುದೋ ಸಂದೇಶವನ್ನು ಅಳಿಸಲಾಗಿದೆ ಎಂಬುದಷ್ಟೇ. ಏನು ತಪ್ಪಾಗಿತ್ತು, ಈಗ ನಿಜವೇನು ಎಂಬುದು ಕಾಣುವುದಿಲ್ಲ. ಇಂಥಲ್ಲಿ ಮೊದಲು "ಬೆಳಿಗ್ಗೆ ಆರಕ್ಕೆ ಹೇಳಿದ್ದು ತಪ್ಪು, ಆನೆಗಳು ಈ ದಡದಲ್ಲೇ ಇವೆ, ತೋಟಕ್ಕೆ ಇಳಿಯಬೇಡಿ" ಎಂಬ ಹೊಸ ಸಂದೇಶ ಹೋಗಬೇಕು. ಹಳೆಯದನ್ನು ಯಾರೂ ಮುಂದಕ್ಕೆ ಕಳಿಸದಿರಲೆಂದು ಅಳಿಸುವುದು ಆನಂತರದ ಕೆಲಸ. ಸಭ್ಯತೆಯ ಪ್ರಶ್ನೆ ಎಂದು ಕಾಣುವ ಈ ವಿಷಯ ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ, ಹಾಗಾಗಿ ಇಂಥ ಗುಂಪುಗಳ ಅಡ್ಮಿನ್‌ಗಳು ಈ ಕ್ರಮವನ್ನು ಎಲ್ಲರಿಗೂ ಮೊದಲೇ ತಿಳಿಸಿಡುವುದು ಬಹಳ ಅಗತ್ಯ.

ಅಳಿಸಲೇಬೇಕಾದ ಮಾತುಗಳು

ಗೆರೆ ಎಳೆಯುವ ಕ್ರಮ ಎಲ್ಲಕ್ಕೂ ಸಲ್ಲುವುದಿಲ್ಲ. ತನ್ನ ಫೋನ್ ನಂಬರನ್ನೋ ಮನೆಯ ವಿಳಾಸವನ್ನೋ ಅರಿಯದೆ ಬರೆದವರು, ಇನ್ನೊಬ್ಬರ ಖಾಸಗಿ ವಿಷಯವನ್ನು ಬಾಯಿತಪ್ಪಿ ಹೇಳಿದವರು, ಊರಿನ ಯಾರದೋ ಬಗ್ಗೆ ಆಧಾರವಿಲ್ಲದ ಆರೋಪ ಮಾಡಿದವರು ಅದನ್ನು ತೆಗೆಯುವುದೇ ಸರಿ. ಸಣ್ಣ ಪಟ್ಟಣಗಳಲ್ಲಿ ಬೇರೆ ಹೆಸರಿನಲ್ಲಿ ಬರೆದರೂ ಎರಡು ವಿವರಗಳಿಂದಲೇ ವ್ಯಕ್ತಿ ಯಾರೆಂದು ತಿಳಿದುಬಿಡುತ್ತದೆ. ವಿಶೇಷವಾಗಿ ಹೆಣ್ಣುಮಕ್ಕಳಿಗೆ ಇದರಿಂದ ಆಗುವ ತೊಂದರೆ ಚರ್ಚೆಯ ಸುಸಂಬದ್ಧತೆಗಿಂತ ದೊಡ್ಡದು.

ಇಂಥ ಸಂದರ್ಭದಲ್ಲಿ ವಿಕಿಯಲ್ಲಿ ತಾನೇ ಅಳಿಸಿ ಸುಮ್ಮನಾದರೆ ಸಾಲದು, ಏಕೆಂದರೆ ಮಾತು ಇತಿಹಾಸದಲ್ಲಿ ಉಳಿದಿರುತ್ತದೆ. ನಿರ್ವಾಹಕರು ಆ ಆವೃತ್ತಿಯನ್ನು ಸಾಮಾನ್ಯ ಓದುಗರಿಗೆ ಕಾಣದಂತೆ ಮರೆಮಾಡಬಲ್ಲರು. ಖಾಸಗಿ ಮಾಹಿತಿಯಂಥ ಗಂಭೀರ ಸಂಗತಿಗಳನ್ನು ನಿರ್ವಾಹಕರಿಗೂ ಕಾಣದಂತೆ ಮಾಡುವ ಇನ್ನೂ ಮೇಲಿನ ಅಧಿಕಾರವಿದೆ. ಸ್ಥಳೀಯವಾಗಿ ಆ ಅಧಿಕಾರ ಹೊಂದಿದವರಿಲ್ಲದ ಭಾಷೆಗಳಲ್ಲಿ ಸ್ಟೀವರ್ಡ್ ಎಂಬ ಜಾಗತಿಕ ಸ್ವಯಂಸೇವಕರು ಈ ಕೆಲಸ ಮಾಡುತ್ತಾರೆ. ಇದನ್ನು ಇಮೇಲ್ ಮೂಲಕ ಕೇಳಬೇಕು. ಸಾರ್ವಜನಿಕ ಪುಟದಲ್ಲಿ ಕೇಳಿದರೆ ಎಲ್ಲರ ಕಣ್ಣೂ ಅತ್ತಲೇ ಹೋಗುತ್ತದೆ. ತಾಣವನ್ನೇ ಬಿಟ್ಟು ಹೋಗಬಯಸುವವರ ಖಾತೆಯನ್ನು ಅಳಿಸಲಾಗುವುದಿಲ್ಲ, ಏಕೆಂದರೆ ಪ್ರತಿ ಬರಹಕ್ಕೂ ಒಬ್ಬ ಕರ್ತೃ ಇರಲೇಬೇಕು. ಆದರೆ ಖಾತೆಯ ಹೆಸರನ್ನು ಬದಲಿಸಿ ಗುರುತನ್ನು ಮರೆಸುವ ಸೌಲಭ್ಯವಿದೆ.

ಕಾನೂನು ಕೂಡ ಈ ದಿಕ್ಕಿನಲ್ಲಿ ಸ್ವಲ್ಪ ಬಲ ಕೊಡುತ್ತದೆ. ಯೂರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮದ 17ನೇ ವಿಧಿ ವೈಯಕ್ತಿಕ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ನೀಡಿ, ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿನಾಯಿತಿಯನ್ನೂ ಇಟ್ಟಿದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ತಿದ್ದುವ ಮತ್ತು ಅಳಿಸುವ ಹಕ್ಕಿದೆ. ಆದರೆ ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ತನ್ನ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಚರ್ಚೆಯಲ್ಲಿ ತಾನೇ ಬರೆದ ಅಭಿಪ್ರಾಯವನ್ನು ತೆಗೆಸಲು ಕಾಯ್ದೆಯನ್ನು ನೆಚ್ಚಿಕೊಳ್ಳುವುದಕ್ಕಿಂತ ಸಮುದಾಯದ ನಡವಳಿಕೆಯನ್ನು ಅರಿತುಕೊಳ್ಳುವುದು ಹೆಚ್ಚು ಉಪಯುಕ್ತ.

ಮರಳಿ ಹಾಕುವವರ ಹೊಣೆ

ವಿವಾದಗಳಲ್ಲಿ ಅಳಿಸಿದವರನ್ನೇ ತಪ್ಪಿತಸ್ಥರಾಗಿ ನಿಲ್ಲಿಸುವುದು ರೂಢಿ. ಜಗಳ ನಿಜವಾಗಿ ಹೊತ್ತಿಕೊಳ್ಳುವುದು ಎರಡನೇ ಹೆಜ್ಜೆಯಲ್ಲಿ, ಅಂದರೆ ಅಳಿಸಿದ್ದನ್ನು ಇನ್ನೊಬ್ಬರು ವಿಚಾರಿಸದೆ ಮರಳಿ ಹಾಕಿದಾಗ, ಎಂಬುದು ನನ್ನ ಅಭಿಪ್ರಾಯ. ಅಳಿಸಿದ್ದರ ಹಿಂದೆ ನಾಚಿಕೆ ಇರಬಹುದು, ಮನೆಯವರ ಅಥವಾ ಕಚೇರಿಯವರ ಭಯವಿರಬಹುದು, ಹೊರಗೆ ಹೇಳಲಾಗದ ಕಾರಣವಿರಬಹುದು. ಮರಳಿ ಹಾಕಿದ ಕೂಡಲೇ ಅವರು ಮತ್ತೆ ಅಳಿಸುತ್ತಾರೆ, ಇವರು ಮತ್ತೆ ಹಾಕುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಹೀಗೆ ಹಿಂದಿರುಗಿಸುವುದು ನಿಷಿದ್ಧ, ಯಾರ ಪಕ್ಷ ಸರಿ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಆ ಸದಸ್ಯರ ಪುಟಕ್ಕೆ ಹೋಗಿ ಮೆತ್ತಗೆ ಕೇಳಬೇಕು: ನಿಮ್ಮ ಮಾತಿಗೆ ಉತ್ತರಗಳು ಬಂದಿವೆ, ಅಳಿಸುವ ಬದಲು ಗೆರೆ ಎಳೆದರೆ ಆಗಬಹುದೇ? ಹೊಸಬರಾಗಿದ್ದರೆ ಗೆರೆ ಎಳೆಯುವುದು ಹೇಗೆಂದು ಅಲ್ಲೇ ತೋರಿಸಿಕೊಡಬೇಕು. ಒಪ್ಪದಿದ್ದರೆ, ಅಥವಾ ಉತ್ತರವೇ ಬರದಿದ್ದರೆ, ಅಳಿಸಿದ ಮಾತನ್ನು ಹಾಕದೆ, ಖಾಲಿಯಾದ ಜಾಗದಲ್ಲಿ "ಇಲ್ಲಿದ್ದ ಮಾತನ್ನು ಬರೆದವರೇ ತೆಗೆದಿದ್ದಾರೆ, ಕೆಳಗಿನವು ಅದಕ್ಕೆ ಬಂದ ಉತ್ತರಗಳು" ಎಂಬ ಟಿಪ್ಪಣಿಯನ್ನು ತಮ್ಮ ಸಹಿಯೊಂದಿಗೆ ಬಿಡಬಹುದು. ತೆಗೆದದ್ದು ಖಾಸಗಿ ವಿಷಯವಲ್ಲವೆಂಬುದು ಖಾತ್ರಿಯಿದ್ದರೆ ಆ ಟಿಪ್ಪಣಿಗೆ ಹಳೆಯ ಆವೃತ್ತಿಯ ಕೊಂಡಿಯನ್ನು ಸೇರಿಸಬಹುದು. ಸಂದೇಹವಿದ್ದರೆ ಕೊಂಡಿ ಕೊಡದೆ, ವಿಷಯವನ್ನು ನಿರ್ವಾಹಕರ ಗಮನಕ್ಕೆ ಇಮೇಲ್ ಮೂಲಕ ತರಬೇಕು.